ಹಕ್ಕಿ ಬೇಟೆಗೆ ಸೆಮಿ ಆಟೋಮ್ಯಾಟಿಕ್ ಕೋವಿ: ಹೊರದೇಶದಲ್ಲಿರುವ ಕೊಡಗಿನ ಮಕ್ಕಳಿಗೆ

ಕಳೆದ ಕೈಲ್‌ಪೊಳ್ದಿಗೆ (ನಮ್ಮ ಆಯುಧಪೂಜೆ ಹಬ್ಬ) ಹೊರದೇಶದಲ್ಲಿರುವ ಅಣ್ಣನ ಮಗ ಊರಿಗೆ ಬಂದಿದ್ದ. ಸೆಪ್ಟೆಂಬರ್ 3, ಹೊರಗೆ ಜಿಟಿಜಿಟಿ ಮಳೆ. ಕೋವಿಗಳನ್ನು ಒರೆಸಿ, ದೀಪದ ಮುಂದೆ ಸಾಲಾಗಿ ಇಟ್ಟು, ನಳಿಗೆಗೆ ತೋಕ್‌ಪೂ ಅನ್ನುವ ಹೂವು ಸಿಕ್ಕಿಸಿ ಆಗಿತ್ತು. ಕಡಂಬುಟ್ಟು, ಪಂದಿಕರಿ ತಿಂದು ಜಗಲಿಯಲ್ಲಿ ಕೂತಾಗ ಕೇಳಿದ: "ಚಿಕ್ಕಪ್ಪ, ಈ ಸಲ ಅಲ್ಲಿ ಹಕ್ಕಿ ಬೇಟೆಗೆ ಲೈಸೆನ್ಸ್ ತಗೊಳ್ತಿದ್ದೇನೆ. ಒಂದು ಸೆಮಿ ಆಟೋ ಕೊಳ್ಳೋಣ ಅಂತ. ಯಾವ ಕಂಪನಿಯದು ಒಳ್ಳೇದು?"

ನಾನು 22 ವರ್ಷ ಅಮೆರಿಕದ ಮಿನ್ನೆಸೋಟದಲ್ಲಿದ್ದು, ಈಗ ನಾಪೋಕ್ಲು ಹತ್ತಿರದ ನಮ್ಮ ಕಾಫಿ ತೋಟಕ್ಕೆ ವಾಪಸ್ ಬಂದವನು. ಸೆಮಿ ಆಟೋ ಅಂದರೆ ಒಂದು ಗುಂಡು ಹೊಡೆದ ಮೇಲೆ ಮುಂದಿನ ತೋಟಾವನ್ನು (ಕಾರ್ಟ್ರಿಜ್) ತಾನೇ ಮೇಲೆ ತರುವ ಕೋವಿ. ಈ ಪ್ರಶ್ನೆಯನ್ನು ಬಹಳ ಹುಡುಗರು ಕೇಳಿದ್ದಾರೆ. ಹುಡುಗಿಯರೂ ಕೇಳಿದ್ದಾರೆ. ಎಲ್ಲರೂ ಕಂಪನಿ ಹೆಸರಿನಿಂದಲೇ ಶುರು ಮಾಡುತ್ತಾರೆ. ಅಲ್ಲಿಂದ ಶುರು ಮಾಡಬೇಡಿ. ನಿಮ್ಮ ತೋಳು, ಕೆನ್ನೆ, ಕಣ್ಣಿಗೆ ಹೊಂದದ ಕೋವಿ ಎಷ್ಟು ದುಬಾರಿಯಾದರೂ ಹಕ್ಕಿಯ ಹಿಂದೆಯೇ ಹೊಡೆಯುತ್ತದೆ. ಅವನಿಗೆ ಎರಡು ಸಂಜೆ ಕೂತು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಊರಿನ ಮಾತು ಮೊದಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಮುಗಿದ ಅಧ್ಯಾಯ. ಕಾಡುಕೋಳಿಗಾಗಲಿ, ಮಂಗಟ್ಟೆಗಾಗಲಿ ಕೋವಿ ಎತ್ತುವಂತಿಲ್ಲ. ಎತ್ತಲೂಬಾರದು. ಬೆಳಗ್ಗೆ ತೋಟದ ಅಂಚಿನಲ್ಲಿ ಕಾಡುಕೋಳಿ ಕೂಗುವುದು ಕೇಳಿಕೊಂಡು ಕಾಫಿ ಕುಡಿಯುವ ಸುಖ ನನಗೆ ಸಾಕು. ಊರಿನಲ್ಲಿ ಕೋವಿ ಇರುವುದು ಕೈಲ್‌ಪೊಳ್ದಿಗೆ, ಸುಗ್ಗಿಯ ಹಬ್ಬ ಪುತ್ತರಿಗೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ.

ಇನ್ನೊಂದು ವಿಷಯ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಶುರುವಾದದ್ದು, ಈಗ 2029ರ ಅಕ್ಟೋಬರ್ ತನಕ ವಿಸ್ತರಣೆಯಾಗಿದೆ. ಹಾಗಂತ ಅಲ್ಲಿ ಕೊಂಡ ಸೆಮಿ ಆಟೋವನ್ನು ಊರಿಗೆ ತರುವ ಯೋಚನೆ ಬೇಡ. ಭಾರತದ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸೆಮಿ ಆಟೋಮ್ಯಾಟಿಕ್ ಕೋವಿ ನಿರ್ಬಂಧಿತ ವರ್ಗಕ್ಕೆ ಸೇರುತ್ತದೆ. ಅಲ್ಲಿ ಕೊಂಡದ್ದು ಅಲ್ಲೇ ಇರಲಿ.

ಕೋವಿಗೆ ಮೊದಲು ಕಾಗದ

ಅಮೆರಿಕದಲ್ಲಿ ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇರುವವರು ಇದನ್ನು ಎರಡು ಸಲ ಓದಿ. ಫೆಡರಲ್ ಕಾನೂನಿನ ಪ್ರಕಾರ ನೀವು ಸಾಮಾನ್ಯವಾಗಿ ಕೋವಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಅದಕ್ಕಿರುವ ಮುಖ್ಯ ವಿನಾಯಿತಿ ಬೇಟೆ ಲೈಸೆನ್ಸ್. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಲೈಸೆನ್ಸ್ ಕೈಯಲ್ಲಿರಬೇಕು. ಅಂದರೆ ಮೊದಲು ಲೈಸೆನ್ಸ್, ಆಮೇಲೆ ಅಂಗಡಿ. ಕೊಂಡ ಮೇಲೂ ಲೈಸೆನ್ಸ್ ನವೀಕರಿಸುವುದನ್ನು ಮರೆತರೆ ಮನೆಯಲ್ಲಿರುವ ಕೋವಿಯೇ ಅಪರಾಧವಾಗುತ್ತದೆ. ಒಂದು ಮರೆವಿಗೆ ವೀಸಾ ಕಳೆದುಕೊಳ್ಳುವುದು ಬೇಡ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

ಮಿನ್ನೆಸೋಟದಲ್ಲಿ 1979ರ ಡಿಸೆಂಬರ್ 31ರ ನಂತರ ಹುಟ್ಟಿದವರು ಲೈಸೆನ್ಸ್ ತೆಗೆದುಕೊಳ್ಳಬೇಕಾದರೆ ಕೋವಿ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಕಡ್ಡಾಯ ಇಲ್ಲದ ಕಡೆಯೂ ಆ ತರಬೇತಿ ಮಾಡಿ. ಊರಲ್ಲಿ ಅಜ್ಜನ ಕೋವಿ ಹಿಡಿದು ಬೆಳೆದಿದ್ದೇವೆ ಅನ್ನುವುದು ಅಲ್ಲಿ ಸಾಲದು.

ಬೇರೆ ದೇಶಗಳಲ್ಲಿ ಬೇರೆ ಕಥೆ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯ ಬೇಟೆಗಾರನಿಗೆ ಸೆಮಿ ಆಟೋ ಶಾಟ್‌ಗನ್ (ಚರೆ, ಅಂದರೆ ಸಣ್ಣ ಸಣ್ಣ ಗುಂಡು, ಹಾರಿಸುವ ಕೋವಿ) ಸಿಗುವುದಿಲ್ಲ ಅಂತಲೇ ತಿಳಿಯಿರಿ. ಅದು ಹೆಚ್ಚಾಗಿ ರೈತರಿಗೆ ಮೀಸಲಾದ ವರ್ಗ. ಅಲ್ಲಿರುವವರು ಜೋಡಿ ನಳಿಗೆಯ ಕೋವಿ ನೋಡಿ. ನ್ಯೂಜಿಲೆಂಡ್‌ನಲ್ಲಿ 2019ರ ನಂತರ ನಿಯಮ ಬಿಗಿಯಾಗಿದೆ. ಬಿಚ್ಚಲಾಗದ ಕೊಳವೆ ಮ್ಯಾಗಜೀನ್ (ತೋಟಾ ತುಂಬಿಡುವ ಜಾಗ), ಅದರಲ್ಲಿ ಐದೇ ತೋಟಾ, ಅಷ್ಟಿದ್ದರೆ ಸರಿ. ಇಂಗ್ಲೆಂಡಿನಲ್ಲಿ ಮಾಮೂಲಿ ಶಾಟ್‌ಗನ್ ಸರ್ಟಿಫಿಕೇಟ್‌ಗೆ ಮ್ಯಾಗಜೀನಿನಲ್ಲಿ ಎರಡು ತೋಟಾ, ಚೇಂಬರಿನಲ್ಲಿ (ಹೊಡೆಯುವಾಗ ತೋಟಾ ಕೂರುವ ನಳಿಗೆಯ ಬುಡ) ಒಂದು.

ಅಮೆರಿಕದಲ್ಲಿ ಬಾತು, ಕಾಡುಪಾರಿವಾಳದಂಥ ವಲಸೆ ಹಕ್ಕಿಗಳಿಗೆ ಒಟ್ಟು ಮೂರೇ ತೋಟಾ ಹಿಡಿಯುವಂತೆ ಮ್ಯಾಗಜೀನಿನೊಳಗೆ ಒಂದು ಕಡ್ಡಿ ಹಾಕಿರಬೇಕು. ಪ್ಲಗ್ ಅಂತಾರೆ. ಹೊಸ ಕೋವಿಯಲ್ಲಿ ಸಾಮಾನ್ಯವಾಗಿ ಹಾಕಿಯೇ ಕೊಟ್ಟಿರುತ್ತಾರೆ. ಹಳೆಯದು ಕೊಂಡರೆ ನೀವೇ ಪರೀಕ್ಷೆ ಮಾಡಿ.

ಯಾವ ಹಕ್ಕಿ, ಎಷ್ಟು ನಡಿಗೆ

ಒಂದು ಕಾಗದ ತೆಗೆದುಕೊಂಡು ಎರಡೇ ಸಾಲು ಬರೆಯಿರಿ. ಯಾವ ಹಕ್ಕಿಗೆ ಹೋಗುತ್ತೀರಿ? ದಿನಕ್ಕೆ ಎಷ್ಟು ದೂರ ನಡೆಯುತ್ತೀರಿ?

ಫೆಸೆಂಟ್ (ಕಾಡುಕೋಳಿ ಜಾತಿಯ ಹಕ್ಕಿ) ಬೇಟೆ ಅಂದರೆ ಎದೆಮಟ್ಟದ ಹುಲ್ಲಿನಲ್ಲಿ ಇಡೀ ದಿನ ನಡೆಯುವುದು. ಗ್ರೌಸ್ (ಅದೂ ಕೋಳಿ ಜಾತಿಯ ಕಾಡುಹಕ್ಕಿ) ಅಂದರೆ ಕಾಡಿನೊಳಗೆ, ಪೊದೆಯ ಮಧ್ಯೆ, ನಮ್ಮ ಏಲಕ್ಕಿ ಮಲೆಯಲ್ಲಿ ನುಸುಳಿದ ಹಾಗೆ. ಇವೆರಡಕ್ಕೂ ಹಗುರ ಕೋವಿ ಬೇಕು. ಮೂರು ಕಿಲೋ ಆಸುಪಾಸು ಇರಲಿ. ಬೆಳಗ್ಗೆ ಅಂಗಡಿಯಲ್ಲಿ ಅರ್ಧ ಕಿಲೋ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಕೈ ಜೋತುಬಿದ್ದಾಗ ಗೊತ್ತಾಗುತ್ತದೆ. ಆಗಲೇ ಹಕ್ಕಿ ಏಳುವುದು.

ಬಾತು ಬೇಟೆಯಲ್ಲಿ ನೀವು ಜೊಂಡಿನ ಮರೆಯಲ್ಲಿ ಕೂತಿರುತ್ತೀರಿ. ಅಲ್ಲಿ ತೂಕ ಒಳ್ಳೆಯದೇ. ತೂಕದ ಕೋವಿ ಹೆಗಲಿಗೆ ಕಡಿಮೆ ಒದೆಯುತ್ತದೆ, ಬೀಸುವಾಗ ನಡುವೆ ನಿಲ್ಲುವುದಿಲ್ಲ.

12 ಬೋರ್ ಅಥವಾ 20 ಬೋರ್

ನಮ್ಮ ಊರಿನಲ್ಲಿ ಕೋವಿ ಅಂದರೆ 12 ಬೋರ್. ಹಾಗಾಗಿ 20 ಅಂದರೆ ಮಕ್ಕಳದು ಅನ್ನುವ ಭಾವನೆ ಇದೆ. ಅದು ತಪ್ಪು. ನಳಿಗೆಯ ಒಳಗಿನ ಅಗಲಕ್ಕೆ ಸರಿಯಾದ ಸೀಸದ ಗುಂಡು ಒಂದು ಪೌಂಡಿಗೆ ಎಷ್ಟು ಬರುತ್ತದೋ ಅದೇ ಬೋರಿನ ಅಂಕಿ. 12 ಬೋರ್ ನಳಿಗೆ ಸುಮಾರು 18.5 ಮಿ.ಮೀ., 20 ಬೋರ್ ಸುಮಾರು 15.6 ಮಿ.ಮೀ. ದೊಡ್ಡದರಲ್ಲಿ ಚರೆ ಜಾಸ್ತಿ ಹಿಡಿಯುತ್ತದೆ, ಅಷ್ಟೆ.

ನೆಲದಿಂದ ಏಳುವ ಹಕ್ಕಿಗಳಿಗೆ ಮಾತ್ರ ಅಂತಾದರೆ 20 ಧಾರಾಳ ಸಾಕು. ಬಾತುವೂ ಬೇಕು ಅಂದರೆ 12 ತೆಗೆದುಕೊಳ್ಳಿ. ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗೆ ಸೀಸದ ಚರೆ ಇಡೀ ದೇಶದಲ್ಲಿ ನಿಷೇಧ. ಹೆಚ್ಚಿನವರು ಬಳಸುವುದು ಸ್ಟೀಲ್. ಸ್ಟೀಲ್ ಹಗುರ, ಆದ್ದರಿಂದ ದೊಡ್ಡ ಚರೆ ಬೇಕು. ದೊಡ್ಡ ಚರೆಗೆ ದೊಡ್ಡ ತೋಟಾ ಬೇಕು.

ಚೇಂಬರ್ ಮೂರು ಇಂಚಿನದು ಇದ್ದರೆ ಸಾಕು. ನಾನು ಮೊದಲ ಸಲ ಕೊಂಡದ್ದು ಮೂರೂವರೆ ಇಂಚಿನದು. ಅಂಗಡಿಯವನು "ಎಲ್ಲಕ್ಕೂ ಆಗುತ್ತೆ" ಅಂದ, ನಾನು ನಂಬಿದೆ. ಉದ್ದ ಜಾಸ್ತಿ, ತೂಕ ಜಾಸ್ತಿ, ಸಣ್ಣ ತೋಟಾ ಹಾಕಿದರೆ ಎರಡನೆಯದು ಮೇಲೆ ಬರುತ್ತಿರಲಿಲ್ಲ. ಹಿಮಬಾತು, ಹೆಬ್ಬಾತಿಗೆ ಅಂತಲೇ ಹೋಗದಿದ್ದರೆ ಅದು ಬೇಡ. ಎರಡು ಸೀಸನ್ ಕಷ್ಟಪಟ್ಟು ಕಡಿಮೆ ಬೆಲೆಗೆ ಮಾರಿದೆ.

ಮನೆಯಲ್ಲಿ 12 ಮತ್ತು 20 ಎರಡೂ ಇದ್ದರೆ ಒಂದು ಎಚ್ಚರಿಕೆ. 20 ಬೋರ್ ತೋಟಾ 12ರ ನಳಿಗೆಯೊಳಗೆ ಜಾರಿಹೋಗಿ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಚೇಂಬರ್ ಖಾಲಿ ಕಾಣುತ್ತದೆ. ನೀವು 12ರ ತೋಟಾ ಹಾಕಿ ಹೊಡೆದರೆ ನಳಿಗೆ ಕೈಯಲ್ಲೇ ಸಿಡಿಯುತ್ತದೆ. 20ರ ತೋಟಾಗೆ ಹಳದಿ ಬಣ್ಣ ಇರುವುದು ಇದಕ್ಕೇ. ಜೇಬಿನಲ್ಲಿ ಒಂದು ಹಳದಿ ತೋಟಾ ಉಳಿದಿದ್ದರೂ ಸಾಕು. ಪ್ರತಿ ಸಲ ಜೇಬು ಕೊಡವಿ ಹೊರಡಿ.

ಗ್ಯಾಸ್ ಅಥವಾ ಇನರ್ಷಿಯಾ

ಸೆಮಿ ಆಟೋ ಅಂದರೆ ಒಮ್ಮೆ ಟ್ರಿಗರ್ ಎಳೆದರೆ ಒಂದೇ ಗುಂಡು. ಖಾಲಿ ತೋಟಾ ಹೊರಗೆ ಹಾಕಿ ಮುಂದಿನದನ್ನು ಮೇಲೆ ತರುವ ಕೆಲಸವನ್ನು ಕೋವಿಯೇ ಮಾಡುತ್ತದೆ. ಆ ಕೆಲಸಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ ಎರಡು ಜಾತಿ.

ಗ್ಯಾಸ್ ಕೋವಿಯಲ್ಲಿ ನಳಿಗೆಗೆ ಸಣ್ಣ ತೂತುಗಳಿರುತ್ತವೆ. ಮದ್ದು ಉರಿದಾಗ ಹುಟ್ಟುವ ಗ್ಯಾಸಿನ ಒಂದು ಪಾಲು ಅಲ್ಲಿಂದ ಇಳಿದು ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಬೋಲ್ಟನ್ನು (ಚೇಂಬರನ್ನು ಹಿಂದಿನಿಂದ ಮುಚ್ಚುವ ಲೋಹದ ಭಾಗ) ಹಿಂದಕ್ಕೆ ತಳ್ಳುತ್ತದೆ. ಒದೆತ ಹರಡಿಕೊಂಡು ಬರುವುದರಿಂದ ಹೆಗಲಿಗೆ ಮೆತ್ತಗೆ. 1963ರಲ್ಲಿ ಬಂದ ರೆಮಿಂಗ್ಟನ್ 1100 ಈ ಜಾತಿಯನ್ನು ಮನೆಮಾತು ಮಾಡಿತು. ಈಗ ಬೆರೆಟ್ಟಾ ಎ300, ಎ400, ವಿಂಚೆಸ್ಟರ್ ಎಸ್‌ಎಕ್ಸ್4, ಮಾಸ್‌ಬರ್ಗ್ 940 ಇವೆಲ್ಲ ಗ್ಯಾಸ್. ತೊಂದರೆ ಏನೆಂದರೆ ಮಸಿ. ಪಿಸ್ಟನ್ ಸುತ್ತ ಕರಿ ಕಟ್ಟುತ್ತದೆ, ಆಗಾಗ ಬಿಚ್ಚಿ ಒರೆಸಲೇಬೇಕು.

ಇನರ್ಷಿಯಾ ಕೋವಿಯಲ್ಲಿ ತೂತೂ ಇಲ್ಲ, ಪಿಸ್ಟನ್ನೂ ಇಲ್ಲ. ಬೋಲ್ಟಿನೊಳಗೆ ಒಂದು ಗಟ್ಟಿ ಸ್ಪ್ರಿಂಗ್. ಗುಂಡು ಹೊಡೆದಾಗ ಇಡೀ ಕೋವಿ ಹಿಂದಕ್ಕೆ ಬರುತ್ತದೆ, ಬೋಲ್ಟ್ ಮಾತ್ರ ಇದ್ದಲ್ಲೇ ನಿಲ್ಲಲು ನೋಡುತ್ತದೆ. ಬಸ್ ಗಕ್ಕನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ವಾ, ಹಾಗೆ. ಆ ಎಳೆದಾಟದಲ್ಲಿ ಸ್ಪ್ರಿಂಗ್ ಒತ್ತಿಕೊಂಡು, ಮತ್ತೆ ಬಿಚ್ಚಿಕೊಂಡು ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಇಟಲಿಯ ಬೆನೆಲ್ಲಿ ಇದಕ್ಕೆ ಹೆಸರುವಾಸಿ. ಫ್ರಾಂಕಿ ಅಫಿನಿಟಿ, ಸ್ಟೋಗರ್ ಎಂ3000 ಕೂಡ ಇದೇ. ಹಗುರ, ತೆಳ್ಳಗೆ, ಒಳಗೆ ಚೊಕ್ಕ. ಆದರೆ ಹೆಗಲಿಗೆ ಒದೆತ ಜಾಸ್ತಿ, ತೀರಾ ಹಗುರ ತೋಟಾ ಹಾಕಿದರೆ ಕೆಲವೊಮ್ಮೆ ಮುನಿಸಿಕೊಳ್ಳುತ್ತದೆ.

ಇನರ್ಷಿಯಾದವರು ಒಂದು ವಿಷಯ ತಿಳಿದಿರಬೇಕು. ಗ್ರೌಸ್ ಕಾಡಿನಲ್ಲಿ ಒಂದು ಬೆಳಗ್ಗೆ ಸದ್ದಾಗಬಾರದು ಅಂತ ನಾನು ಬೋಲ್ಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ಬಿಟ್ಟೆ. ನೋಡಲು ಮುಚ್ಚಿತ್ತು. ಬೋಲ್ಟಿನ ತಲೆ ಮಾತ್ರ ಪೂರ್ತಿ ತಿರುಗಿ ಕೂತಿರಲಿಲ್ಲ. ಹತ್ತು ಹೆಜ್ಜೆ ಮುಂದೆ ಬಿದ್ದ ಮರದ ಹಿಂದಿನಿಂದ ಹಕ್ಕಿ ಬುರ್ರನೆ ಎದ್ದಿತು. ಕೋವಿ ಎತ್ತಿ ಎಳೆದರೆ "ಟಿಕ್" ಅಂತ ಒಂದು ಸದ್ದು, ಅಷ್ಟೇ. ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು ಬಿಟ್ಟುಬಿಡಬೇಕು, ಸ್ಪ್ರಿಂಗಿನ ಜೋರಿನಲ್ಲಿ ಅದೇ ಹೋಗಿ ಬಡಿಯಬೇಕು. ಸದ್ದಾದರೆ ಆಗಲಿ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಕೋವಿ ಗ್ಯಾಸ್ ಇರಲಿ. ಹೊಸಬರು ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾರೆ. ಆ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸಲು ವರ್ಷ ಬೇಕು. ದಿನವಿಡೀ ನಡೆಯುವ, ಕೋವಿ ಒರೆಸಲು ಸೋಮಾರಿಯಾದ, ಆಗಲೇ ಕೈ ಪಳಗಿದವರಿಗೆ ಇನರ್ಷಿಯಾ.

ಮೈಗೆ ಹೊಂದುತ್ತದೋ ನೋಡುವುದು

ಇದಕ್ಕೆ ಒಂದು ಗಂಟೆ ಕೊಡಿ. ಉಳಿದದ್ದೆಲ್ಲ ಆಮೇಲೆ.

ನಮ್ಮ ಮನೆಯ ಜೋಡಿ ನಳಿಗೆ ನನ್ನ ಅಜ್ಜನ ಅಳತೆಗೆ ಸರಿಯಾಗಿತ್ತು. ಅಜ್ಜ ಆರಡಿ. ನಾನು ಐದಡಿ ಆರಿಂಚು. ಹದಿನೇಳನೇ ವಯಸ್ಸಿನಲ್ಲಿ ಪ್ರತಿ ಸಲ ಎತ್ತುವಾಗ ಹಿಂಭಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು. ತಪ್ಪು ನನ್ನದೇ ಅಂದುಕೊಂಡಿದ್ದೆ. ಕೋವಿಯ ಉದ್ದ ನನಗೆ ಜಾಸ್ತಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಬೇರೆ ದೇಶದಲ್ಲಿ.

ಟ್ರಿಗರಿನಿಂದ ಹಿಂಭಾಗದ ತುದಿಯವರೆಗಿನ ಉದ್ದ ಹೆಚ್ಚಿನ ಕೋವಿಗಳಲ್ಲಿ ಹದಿನಾಲ್ಕು, ಹದಿನಾಲ್ಕೂವರೆ ಇಂಚು ಇರುತ್ತದೆ. ಅಲ್ಲಿನ ಸರಾಸರಿ ಗಂಡಸಿನ ಅಳತೆ ಅದು. ನಮ್ಮವರಲ್ಲಿ ಬಹಳ ಜನಕ್ಕೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅದು ಉದ್ದವೇ. ಕಾಂಪ್ಯಾಕ್ಟ್ ಅನ್ನುವ ಮಾದರಿ ಕೇಳಿ. ಅದು ಮಕ್ಕಳದು ಅಂತ ನಾಚಿಕೊಳ್ಳಬೇಡಿ.

ಪರೀಕ್ಷೆ ಹೀಗೆ. ಬೇಟೆಗೆ ಹಾಕುವ ದಪ್ಪ ಜಾಕೆಟನ್ನೇ ಹಾಕಿಕೊಂಡು ಅಂಗಡಿಗೆ ಹೋಗಿ. ಅಕ್ಟೋಬರಿನ ಚಳಿಗೆ ಹಾಕುವ ಜಾಕೆಟ್ ಅರ್ಧ ಇಂಚು ತಿಂದುಬಿಡುತ್ತದೆ. ಅಂಗಡಿಯವರನ್ನು ಕೇಳಿ, ಬೋಲ್ಟ್ ತೆರೆಸಿ, ಖಾಲಿ ಇದೆ ಅಂತ ನೀವೇ ನೋಡಿ. ಯಾರೂ ಇಲ್ಲದ ಕಡೆಯ ಗೋಡೆಯ ಮೂಲೆಯೊಂದನ್ನು ದಿಟ್ಟಿಸಿ. ಈಗ ಕಣ್ಣು ಮುಚ್ಚಿ ಕೋವಿಯನ್ನು ಕೆನ್ನೆಗೆ ತನ್ನಿ. ಮೊದಲು ಕೆನ್ನೆಗೆ, ಆಮೇಲೆ ಹೆಗಲಿಗೆ. ಕಣ್ಣು ತೆರೆಯಿರಿ.

ನಳಿಗೆ ತುದಿಯ ಮಣಿ ಆ ಮೂಲೆಯ ಮೇಲೇ ಕೂತಿದ್ದರೆ, ನಳಿಗೆಯ ಮೇಲಿನ ಪಟ್ಟಿ ತೆಳುವಾಗಿ ಮಾತ್ರ ಕಂಡರೆ, ಆ ಕೋವಿ ನಿಮ್ಮದು. ಪಟ್ಟಿ ರಸ್ತೆಯ ಹಾಗೆ ಉದ್ದಕ್ಕೆ ಕಂಡರೆ ನಿಮ್ಮ ಕಣ್ಣು ತೀರಾ ಮೇಲಿದೆ, ಗುಂಡು ಹಕ್ಕಿಯ ಮೇಲಿನಿಂದ ಹೋಗುತ್ತದೆ. ಮಣಿಯೇ ಕಾಣದೆ ಕೋವಿಯ ಬೆನ್ನು ಮಾತ್ರ ಕಂಡರೆ ಕಣ್ಣು ಕೆಳಗಿದೆ. ಮಣಿ ಎಡಕ್ಕೋ ಬಲಕ್ಕೋ ಸರಿದಿದ್ದರೆ ಹಿಂಭಾಗದ ಬಾಗು ಹೊಂದುತ್ತಿಲ್ಲ. ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಬೆರಳು ಜಾಗ ಇರಲಿ. ಇಲ್ಲದಿದ್ದರೆ ಒದೆತಕ್ಕೆ ಮೂಗಿಗೇ ಪೆಟ್ಟು. ಒಂದು ಸಲ ಮಾಡಿ ನಿಲ್ಲಿಸಬೇಡಿ. ಹತ್ತು ಸಲ ಮಾಡಿ. ಹತ್ತರಲ್ಲಿ ಎಂಟು ಸಲ ಸರಿ ಬಂದರೆ ಮಾತ್ರ ಬೆಲೆ ಕೇಳಿ.

ಸ್ವಲ್ಪ ಮಾತ್ರ ವ್ಯತ್ಯಾಸ ಇದ್ದರೆ ಬಿಟ್ಟು ಬರಬೇಕಿಲ್ಲ. ಈಗಿನ ಎಷ್ಟೋ ಸೆಮಿ ಆಟೋಗಳ ಜೊತೆ ಶಿಮ್ ಅನ್ನುವ ತೆಳು ಬಿಲ್ಲೆಗಳನ್ನು ಕೊಡುತ್ತಾರೆ. ಹಿಂಭಾಗ ಬಿಚ್ಚಿ ನಡುವೆ ಹಾಕಿದರೆ ಮೇಲೆ ಕೆಳಗೆ, ಎಡ ಬಲ ಬದಲಾಗುತ್ತದೆ. ಶಿಮ್ ಇದೆಯಾ ಅಂತ ಕೇಳುವುದು ಯಾವ ಬ್ರ್ಯಾಂಡ್ ಅಂತ ಕೇಳುವುದಕ್ಕಿಂತ ಮುಖ್ಯ.

ಎಡಗೈಯವರಿಗೆ ಒಂದು ಮಾತು. ಸಾಮಾನ್ಯ ಸೆಮಿ ಆಟೋ ಖಾಲಿ ತೋಟಾವನ್ನು ಬಲಕ್ಕೆ ಎಸೆಯುತ್ತದೆ, ನಿಮ್ಮ ಮುಖದ ಮುಂದೆಯೇ ಹಾರುತ್ತದೆ. ಎಡಗೈ ಮಾದರಿ ಮಾಡುವ ಕಂಪನಿಗಳಿವೆ. ಬಲಗೈಯವರಾಗಿದ್ದು ಎಡಗಣ್ಣು ಜೋರಾಗಿರುವವರೂ ಇದ್ದಾರೆ. ಎರಡೂ ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ, ಕೈ ಚಾಚಿ, ದೂರದ ವಸ್ತುವನ್ನು ಅದರಲ್ಲಿ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಜೋರು ಕಣ್ಣು.

ನಳಿಗೆ ಉದ್ದದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಾಡಿಗೆ 26 ಇಂಚು, ಬಯಲಿಗೆ, ನೀರಿಗೆ 28. ಸೆಮಿ ಆಟೋದ ಮೈಯೇ ಜೋಡಿ ನಳಿಗೆಗಿಂತ ಮೂರು ನಾಲ್ಕು ಇಂಚು ಉದ್ದ ಅನ್ನುವುದು ನೆನಪಿರಲಿ.

ಚೋಕ್, ಚರೆ, ಕಾಗದ

ಚೋಕ್ ಅಂದರೆ ನಳಿಗೆ ತುದಿಯ ಬಿಗಿತ. 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ಫುಲ್ ಚೋಕ್ ನೂರಕ್ಕೆ ಸುಮಾರು 70 ಚರೆ ಇಡುತ್ತದೆ, ಮಾಡಿಫೈಡ್ 60, ಇಂಪ್ರೂವ್ಡ್ ಸಿಲಿಂಡರ್ 50. ಗ್ರೌಸ್‌ಗೆ ಕೊನೆಯದು, ಫೆಸೆಂಟ್‌ಗೆ ನಡುವಿನದು. ಸ್ಟೀಲ್ ಚರೆ ತಾನೇ ಬಿಗಿಯಾಗಿ ಹೋಗುತ್ತದೆ, ಹಾಗಾಗಿ ಒಂದು ಮೆಟ್ಟಿಲು ಸಡಿಲ ಚೋಕ್ ಹಾಕಿ. ಸ್ಟೀಲ್‌ಗೆ ಆಗುತ್ತದೆ ಅಂತ ಬರೆದಿರದ ಫುಲ್ ಚೋಕಿನಲ್ಲಿ ಅದನ್ನು ಹೊಡೆಯಬೇಡಿ. ಹಾಗೆಯೇ, ಊರಿನ ಹಳೇ ಇಂಗ್ಲಿಷ್ ಜೋಡಿ ನಳಿಗೆಗಳಲ್ಲಿ ಎಷ್ಟೋ ಎರಡೂವರೆ ಇಂಚಿನ ಚೇಂಬರಿನವು. ಈಗಿನ ಎರಡೂಮುಕ್ಕಾಲು ಇಂಚಿನ ತೋಟಾ ಅದಕ್ಕಲ್ಲ.

ಚರೆ ಅಂಕಿ: ಕಾಡುಪಾರಿವಾಳಕ್ಕೆ ಏಳೂವರೆ, ಎಂಟು. ಫೆಸೆಂಟ್‌ಗೆ ಸೀಸದಲ್ಲಿ ಐದು, ಆರು. ಬಾತುಗೆ ಸ್ಟೀಲ್‌ನಲ್ಲಿ ಎರಡರಿಂದ ನಾಲ್ಕು. ಅಂಕಿ ಸಣ್ಣದಾದಷ್ಟೂ ಚರೆ ದೊಡ್ಡದು.

ಕೊಂಡ ಮೇಲೆ ಮೊದಲ ಕೆಲಸ ಶೂಟಿಂಗ್ ರೇಂಜಿಗೆ ಹೋಗುವುದು. ನೀವು ಬಳಸಲಿರುವ ತೀರಾ ಹಗುರ ತೋಟಾ ಮತ್ತು ತೀರಾ ಭಾರದ ತೋಟಾ, ಎರಡರಲ್ಲೂ ನಾಲ್ಕೈದು ಡಬ್ಬಿ ಹೊಡೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಅಲ್ಲೇ ಗೊತ್ತಾಗಲಿ. ಆಮೇಲೆ ದೊಡ್ಡ ಕಾಗದ ಅಂಟಿಸಿ, ನಡುವೆ ಒಂದು ಚುಕ್ಕೆ ಹಾಕಿ, ಒಂದೇ ಒಂದು ಗುಂಡು ಹೊಡೆದು ತೂತು ಎಣಿಸಿ. ಬೇಸರದ ಕೆಲಸ. ಆದರೆ ಹಕ್ಕಿಗೆ ಅರೆಬರೆ ಗಾಯ ಮಾಡಿ ಪೊದೆಯಲ್ಲಿ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನೋವು ಬೇಟೆಯಲ್ಲಿ ಇಲ್ಲ.

ಜೋಡಿ ನಳಿಗೆಯಿಂದ ಬಂದವರು ಮರೆಯುವುದು

ಊರಲ್ಲಿ ಯಾರ ಮನೆಗೆ ಹೋದರೂ ಜೋಡಿ ನಳಿಗೆಯನ್ನು ಮುರಿದು ತೋಳಿನ ಮೇಲೆ ಹಾಕಿಕೊಂಡರೆ ಎಲ್ಲರಿಗೂ ನೆಮ್ಮದಿ. ಖಾಲಿ ಅಂತ ದೂರದಿಂದಲೇ ಕಾಣುತ್ತದೆ. ಸೆಮಿ ಆಟೋದಲ್ಲಿ ಹಾಗೆ ಕಾಣುವುದಿಲ್ಲ. ಬೋಲ್ಟ್ ಎಳೆದು ಒಂದು ತೋಟಾ ತೆಗೆದರೆ ಖಾಲಿಯಾಯಿತು ಅಂದುಕೊಳ್ಳುತ್ತೇವೆ, ಮ್ಯಾಗಜೀನಿನಲ್ಲಿ ಇನ್ನೆರಡು ಇರುತ್ತವೆ. ಮೊದಲು ಮ್ಯಾಗಜೀನ್ ಖಾಲಿ ಮಾಡಿ. ಬೋಲ್ಟ್ ಹಿಂದಕ್ಕೆ ಲಾಕ್ ಮಾಡಿ. ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಬೇಲಿ ದಾಟುವಾಗ, ಹೊಳೆ ದಾಟುವಾಗ, ಕಾರು ಹತ್ತುವಾಗ ಪ್ರತಿ ಸಲವೂ. ಜೊತೆಯವರಿಗೂ ಕಾಣುವ ಹಾಗೆ ಬೋಲ್ಟ್ ತೆರೆದೇ ಇರಲಿ.

ಎಣ್ಣೆ ವಿಷಯಕ್ಕೆ ಬಂದರೆ, ಊರಿನ ಮಳೆ ನಮಗೆ ಜಾಸ್ತಿ ಎಣ್ಣೆ ಹಚ್ಚುವ ಅಭ್ಯಾಸ ಮಾಡಿಸಿದೆ. ಒಮ್ಮೆ ಮನೆಯಲ್ಲಿ ಕೋವಿ ಎಣ್ಣೆ ಮುಗಿದಿತ್ತು ಅಂತ ನಾನು ತೆಂಗಿನೆಣ್ಣೆ ಹಚ್ಚಿಟ್ಟೆ. ಪುತ್ತರಿ ಹೊತ್ತಿಗೆ ಚಳಿಗೆ ಗಟ್ಟಿಯಾಗಿ, ಗುಂಡು ಹಾರದಂತೆ ತಡೆಯುವ ಸೇಫ್ಟಿಯೇ ಸರಿಯಲಿಲ್ಲ. 24 ಡಿಗ್ರಿಗೇ ಹೆಪ್ಪುಗಟ್ಟುವ ಎಣ್ಣೆ ಅದು. ಮಿನ್ನೆಸೋಟದಂಥ ಚಳಿಯಲ್ಲಿ ಒಳ್ಳೆಯ ಕೋವಿ ಎಣ್ಣೆಯೂ ಜಾಸ್ತಿಯಾದರೆ ಮಂದವಾಗಿ ಬೋಲ್ಟನ್ನು ನಿಧಾನ ಮಾಡುತ್ತದೆ. ಬಟ್ಟೆಗೆ ಎರಡು ಹನಿ ಹಾಕಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ. ಒದ್ದೆಯಾದ ಕೋವಿಯನ್ನು ಚೀಲದೊಳಗೆ ಇಡಬೇಡಿ.

ಬೆಲೆ ಸುಮಾರಾಗಿ ಹೇಳುವುದಾದರೆ, ಟರ್ಕಿಯಲ್ಲಿ ಮಾಡಿದವು 500ರಿಂದ 700 ಡಾಲರ್, ನಡುವಿನವು ಸಾವಿರದ ಆಸುಪಾಸು, ಮೇಲಿನವು ಸಾವಿರದ ಐನೂರು ದಾಟುತ್ತವೆ. ನಡುವಿನದು ತೆಗೆದುಕೊಂಡು ಉಳಿದ ದುಡ್ಡಿಗೆ ತೋಟಾ ಕೊಂಡು ಮಣ್ಣಿನ ತಟ್ಟೆಗೆ ಹೊಡೆದು ಅಭ್ಯಾಸ ಮಾಡಿ ಅಂತ ಅಣ್ಣನ ಮಗನಿಗೆ ಹೇಳಿದೆ.

ಅವನು ಮೂರು ಅಂಗಡಿ ಸುತ್ತಿ, ಜಾಕೆಟ್ ಹಾಕಿಕೊಂಡೇ ಹೋಗಿ, ಕೊನೆಗೆ 20 ಬೋರಿನ ಗ್ಯಾಸ್ ಕೋವಿಯೊಂದನ್ನು ಕೊಂಡ. ಕಾಂಪ್ಯಾಕ್ಟ್ ಮಾದರಿ, ಒಂದು ಶಿಮ್ ಹಾಕಿಸಿಕೊಂಡಿದ್ದಾನೆ. ಕೋವಿಯ ಫೋಟೋ ಕಳಿಸುತ್ತಾನೆ ಅಂತ ಕಾಯುತ್ತಿದ್ದೆ. ಅವನು ಕಳಿಸಿದ್ದು ಕಾಗದದ ಫೋಟೋ. ವೃತ್ತದೊಳಗಿನ ಒಂದೊಂದು ತೂತಿಗೂ ಪೆನ್ಸಿಲ್ ಗುರುತು ಹಾಕಿ, ಮೂಲೆಯಲ್ಲಿ ಲೆಕ್ಕ ಬರೆದಿದ್ದ. ಕೆಳಗೆ: "ಚಿಕ್ಕಪ್ಪ, ಸ್ವಲ್ಪ ಎಡಕ್ಕೆ ಹೋಗ್ತಿದೆ. ಇನ್ನೊಂದು ಶಿಮ್ ಬದಲಾಯಿಸಿ ನೋಡ್ಲಾ?"